ಕರೆಯೋಲೆ

ಅಂಚಿಗೆ ಅರಿಶಿನ ಹಚ್ಚಿರಲಿಲ್ಲ,
ಲಗ್ನ, ಮುಹೂರ್ತ ಏನೂ ಇರಲಿಲ್ಲ.
ಆದರೂ ಅದು ಕರೆಯೋಲೆಯೇ.
ಮಂಗಳವಾರ ಕಂಪನಿಯಿಂದ ಬಂತು, ಎರಡು ಹಾಳೆ,
ಬೆಂಡಿಗೋದ ನಮ್ಮ ಹುಲ್ಲು ಕತ್ತರಿಸುವ ಮಷಿನ್ನಿನಂಗಡಿಗೆ:
ಹಿಡಿಕೆಯ ಕೆಳಗಿನ ಸ್ಪ್ರಿಂಗು,
ನನ್ನ ಕಿರುಬೆರಳಷ್ಟು ಉದ್ದದ್ದು,
ಹೇಳದೆ ಕೇಳದೆ ಮುರಿಯುತ್ತಿದೆಯಂತೆ.
ಕೈ ಬಿಟ್ಟ ಮೂರು ಸೆಕೆಂಡಿಗೆ ನಿಲ್ಲಬೇಕಾದ ಅಲಗು
ಕೈ ಬಿಟ್ಟರೂ ತಿರುಗುತ್ತದಂತೆ.
ಈ ನಂಬರಿನಿಂದ ಈ ನಂಬರಿನವರೆಗೆ
ಮಾರಿದ್ದನ್ನೆಲ್ಲ ಹಿಂದಕ್ಕೆ ಕರೆಯಿರಿ.

ನಾವು ಮಾರಿದ್ದು ಮೂವತ್ತೇಳು.
ವನಮಾಲಾ ಎನ್ನಲು ನಾಲಿಗೆ ಹೊರಳದೆ
ನನ್ನನ್ನು ವ್ಯಾನ್ ಅನ್ನುವ ಮಾಲೀಕ ಟ್ರೆವಾಸ್ಕಿಸ್
ಕನ್ನಡಕ ಹಣೆಗೇರಿಸಿ ಅಂದ:
'ನಿನ್ನ ದನಿ ಮೆತ್ತಗಿದೆ, ಫೋನು ನೀನೇ ಮಾಡು.'

ಮೆತ್ತನೆ ದನಿ ಯಾರಿಗೆ ಬೇಕು!
ಈಗಲ್‌ಹಾಕ್‌ನ ಮುದುಕ ಗುರ್ರೆಂದ:
'ನಾಲ್ಕು ವರ್ಷದಿಂದ ಓಡಿಸ್ತಿದ್ದೀನಿ,
ಹತ್ತೂ ಬೆರಳಿವೆ, ಬೇಕಾದರೆ ಎಣಿಸಿಕೋ.'
ಫೋನಿನಲ್ಲಿ ಹೇಗೆ ಎಣಿಸಲಿ?
'ದುಡ್ಡು ವಾಪಸ್ಸೇ?' ಅಂದವಳೊಬ್ಬಳು.
'ಇಲ್ಲ, ಸ್ಪ್ರಿಂಗು ಮಾತ್ರ.'
ಇನ್ನೊಬ್ಬಳು ಬಹಳ ಹೊತ್ತು ಸುಮ್ಮನಿದ್ದು,
'ನಿನ್ನೆ ನನ್ನ ಮಗನೇ ಕತ್ತರಿಸಿದ್ದು,
ಚಪ್ಪಲಿಯೂ ಇರಲಿಲ್ಲ ಕಾಲಲ್ಲಿ' ಅಂದಳು.
ಆಮೇಲೆ ಲೈನು ಕಟ್.

ಲಾಂಗ್ ಗಲ್ಲಿಯ ಸಾ ಎ ಡೋ ಮಾತ್ರ
ಹೂಂ ಅಂದವನೇ ನಾಲ್ಕು ಕಿಲೋಮೀಟರು
ತಳ್ಳಿಕೊಂಡೇ ಬಂದ ಬಿಸಿಲಲ್ಲಿ,
ದೊಡ್ಡಿಗೆ ಹಾಕಿದ ಹಸುವನ್ನು
ಬಿಡಿಸಿ ತರುವವನ ಹಾಗೆ.
ನೀರು ಕೊಟ್ಟೆ. ಮಷಿನ್ನಿನ ಕಡೆ ಕೈ ಮಾಡಿ
'ಇದಕ್ಕೂ?' ಅಂದ. ನಕ್ಕನೋ ಇಲ್ಲವೋ ತಿಳಿಯಲಿಲ್ಲ.

ಮೂರು ವಾರದಲ್ಲಿ ಮೂವತ್ತಾರು ಬಂದವು.
ಬಿಚ್ಚಿದ ಹಳೆಯ ಸ್ಪ್ರಿಂಗುಗಳನ್ನು
ಬಿಸ್ಕತ್ತಿನ ಡಬ್ಬಕ್ಕೆ ಹಾಕುತ್ತ ಹೋದೆ.
ಮುರಿದದ್ದು ಅದರಲ್ಲಿ ಒಂದೂ ಇಲ್ಲ.
ಹಾಗಾದರೆ ಮುರಿದದ್ದು
ಬಾರದೆ ಉಳಿದ ಆ ಒಂದರಲ್ಲೇ ಇರಬೇಕು.
ಲೆಕ್ಕ ಹಾಗಲ್ಲ. ಗೊತ್ತು.
ರಾತ್ರಿ ಎರಡು ಗಂಟೆಗೆ
ಲೆಕ್ಕ ಹಾಗೆಯೇ.

ಮೂವತ್ತೇಳನೆಯದನ್ನು ಕೊಂಡವಳು ಡೊರೀನ್ ಪಾಸ್ಕೋ.
ಆಶ್ರಮಕ್ಕೆ ಹೋಗುವಾಗ ಪಕ್ಕದ ಮನೆಗೆ ಕೊಟ್ಟಳು.
ಪಕ್ಕದ ಮನೆಯವರು ಅಂಗಳದಲ್ಲಿ ಹರವಿ ಮಾರಿದರು,
ಟೋಸ್ಟರು, ಮಡಚುವ ಕುರ್ಚಿ, ಅದು,
ಕೆಂಪು ಪಿಕಪ್ಪಿನ ಹುಡುಗನೊಬ್ಬನಿಗೆ.
ಅವನನ್ನೂ ಹುಡುಕಿದೆ, ಪೆಟ್ರೋಲ್ ಬಂಕಿನಲ್ಲಿ ಸಿಕ್ಕ.
ಕಾಂಗರೂ ಫ್ಲಾಟ್‌ನಲ್ಲಿ ಯಾರಿಗೋ ಕೊಟ್ಟು
ಮೀನಿನ ಗಾಳ ತಗೊಂಡನಂತೆ.
ಯಾರಿಗೆ?
'ಗಡ್ಡ ಇತ್ತು' ಅಂದ.
ಅಲ್ಲಿಗೆ ದಾರ ಹರಿಯಿತು.

ಕೈ ಬಿಡಬೇಡ, ಕೈ ಬಿಡಬೇಡ ಎಂದೇ
ದೇವರಿಗೂ ಮನುಷ್ಯರಿಗೂ ಹೇಳುತ್ತ ಬೆಳೆದವಳು ನಾನು.
ಇಲ್ಲಿ ಗಿರಾಕಿಗಳಿಗೆ ದಿನವೂ ತೋರಿಸಿಕೊಡುತ್ತೇನೆ:
ಹೆದರಿಕೆಯಾದರೆ ಏನೂ ಮಾಡಬೇಡಿ,
ಕೈ ಬಿಡಿ, ಅಷ್ಟೇ.

ಟ್ರೆವಾಸ್ಕಿಸ್ ಫೈಲು ಮುಚ್ಚಿದ.
'ಮೂವತ್ತಾರು ಅಂದರೆ ಬಹಳ ಒಳ್ಳೆಯ ಲೆಕ್ಕ. ಬಿಟ್ಟುಬಿಡು ವ್ಯಾನ್.'
ಬಿಟ್ಟೆ.
ಮೂರು ಸೆಕೆಂಡಾಯಿತು,
ಮೂರು ತಿಂಗಳಾಯಿತು.

ಅಕ್ಟೋಬರಿನ ಶನಿವಾರ. ಮ್ಯಾಗ್‌ಪೈ ಹಕ್ಕಿಗಳು
ತಲೆಗೆ ಎರಗುವ ಕಾಲ,
ನೆತ್ತಿಯ ಮೇಲೆ ಛತ್ರಿ ಹಿಡಿದು ಹಾಲು ತರಲು ಹೊರಟಿದ್ದೇನೆ.
ಊರಿಗೆ ಊರೇ ಗೊರ್ರೆನ್ನುತ್ತಿದೆ,
ಹಸಿಹುಲ್ಲಿನ ವಾಸನೆ ಬೇಲಿ ದಾಟಿ ಬರುತ್ತಿದೆ.
ಯಾವುದೋ ಹಿತ್ತಲಲ್ಲಿ ಎಂಜಿನ್ನಿನ ಸದ್ದು
ಇದ್ದಕ್ಕಿದ್ದಂತೆ ಬದಲಾಗುತ್ತದೆ.
ಒಬ್ಬ ಗಂಡಸು ಯಾರನ್ನೋ ಕೂಗುತ್ತಾನೆ.
ಫುಟ್‌ಪಾತಿನಲ್ಲಿ ನಿಂತು, ಛತ್ರಿ ಇಳಿಸಿ ಎಣಿಸುತ್ತೇನೆ:
ಒಂದು,
ಎರಡು