ದೋಬುಶ್

ಆತ್-ಬಾಶಿಯ ಶಾಲೆಯ ವ್ಯಾಯಾಮದ ಹಾಲಿನಲ್ಲಿ
ಒಲೆ ಹೊತ್ತಿಸಿದ್ದರು. ಹೊಗೆ ಹೆಚ್ಚು, ಬಿಸಿ ಕಡಿಮೆ.
ನಲವತ್ತು ಜನ, ಟೋಪಿ ತೆಗೆಯದೆ ಕೂತವರು.
ಅರ್ಧ ಜನ ಬಂದದ್ದು ಊಟಕ್ಕೆಂದು ನನಗೆ ಗೊತ್ತು,
ಪ್ರೆಸ್ಕಾಟನಿಗೆ ಹೇಳಲಿಲ್ಲ.
ದುಭಾಷಿಗೆ ಕೂಲಿ ಆಡಿದ ಮಾತಿಗೆ ಮಾತ್ರ.

ಅವನು ಮೇಜಿನ ಮೇಲೆ ಪಾರದರ್ಶಕ ಪೆಟ್ಟಿಗೆ ಇಟ್ಟ.
ಹೊಸತು. ಮುಚ್ಚಳದ ಮೇಲೆ ದಾನಿದೇಶದ ಬಾವುಟ,
ಪಕ್ಕದಲ್ಲಿ ನಂಬರು ಕೆತ್ತಿದ ನೀಲಿ ಬೀಗ.
'ನಿಮ್ಮ ಮತ ಇದರೊಳಗೆ ಸುರಕ್ಷಿತ' ಎಂದ.
ನಾನು ಕಿರ್ಗಿಜ್‌ನಲ್ಲಿ ಹೇಳಿದೆ.
ನಮ್ಮಲ್ಲಿ ಮತಕ್ಕೂ ದನಿಗೂ ಒಂದೇ ಪದ, ದೋಬುಶ್.
ಹಾಗಾಗಿ ಸಭೆಗೆ ಕೇಳಿಸಿದ್ದು:
ನಿಮ್ಮ ದನಿಯನ್ನು ಇದರೊಳಗೆ ಹಾಕಿ, ಬೀಗ ಜಡಿಯುತ್ತೇವೆ.

ಹಿಂದಿನ ಸಾಲಿಂದ ಬುರುಲ್ಚಾ ಅಜ್ಜಿ ಎದ್ದಳು
ಮಂಡಿ ಹಿಡಿದುಕೊಂಡು, ಅವಸರವಿಲ್ಲದೆ.
'ದನಿಯನ್ನೇ ಪೆಟ್ಟಿಗೆಗೆ ಹಾಕಿಬಿಟ್ಟರೆ
ಸಂಜೆ ಕುರಿಗಳನ್ನು ಯಾವುದರಿಂದ ಕರೆಯಲಿ?'
ಹಾಲೆಲ್ಲ ನಗು. ಪ್ರೆಸ್ಕಾಟನೂ ನಕ್ಕ,
ಆಮೇಲೆ ನನ್ನತ್ತ ಬಾಗಿ, ಏನೆಂದಳು? ಎಂದ.
ಪ್ರಕ್ರಿಯೆಯ ಬಗ್ಗೆ ಒಂದು ಪ್ರಶ್ನೆ, ಎಂದೆ.

ಕೆಟ್ಟವನೇನಲ್ಲ. ಹಳದಿ ಚೀಟಿಗಳ ಮೇಲೆ
ಎಲ್ಲರ ಹೆಸರನ್ನೂ ತಪ್ಪಿಲ್ಲದೆ ಬರೆದ,
ಹುಳಿ ಬಂದ ಕುದುರೆಹಾಲನ್ನು ಮುಖ ಕಿವುಚದೆ ಕುಡಿದ.
ಮಧ್ಯಾಹ್ನ ಒಂದು ಪದ ಕಲಿಸಿದ: ಉತ್ತರದಾಯಿತ್ವ.
ಗದ್ದುಗೆಯಲ್ಲಿ ಕೂತವನು ಕೇಳಿದವರಿಗೆ ಉತ್ತರ ಕೊಡಲೇಬೇಕು.
ಮೀರಿಮ್‌ಗುಲ್, ಗಣಿತದ ಮೇಡಂ, ಅದನ್ನು
ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಳು.

ಅದೇ ಗುರುವಾರ ರಾಜಧಾನಿ. ಬೇರೆ ಕೋಣೆ, ಅದೇ ಬಾವುಟ,
ಹೊಗೆಯಿಲ್ಲದ ಬಿಸಿ, ಚರ್ಮದ ಕುರ್ಚಿ.
ವಿಮಾನನೆಲೆಯ ಗುತ್ತಿಗೆ, ಇನ್ನೂ ಹದಿನೈದು ವರ್ಷ.
ಇಲ್ಲಿಗೆ ಯಾರೂ ಪೆಟ್ಟಿಗೆ ತಂದಿರಲಿಲ್ಲ.
ರಾಯಭಾರಿ 'ಸ್ಥಿರತೆ' ಎಂದರು, ಏಳು ಸಲ.
ಸಚಿವರು 'ಸ್ನೇಹ' ಎಂದದ್ದಕ್ಕೆ ಲೆಕ್ಕ ಇಟ್ಟಿಲ್ಲ.
ಎರಡನ್ನೂ ದಾಟಿಸಿದೆ, ಸೋಮವಾರದ ಅದೇ ಬಾಯಿಂದ.
ಅಂಬಿಗ ಗಂಟು ಬಿಚ್ಚಿ ನೋಡುವುದಿಲ್ಲ.
ನಾನು ನೋಡಿದ್ದೆ.

ಚುನಾವಣೆಯ ರಾತ್ರಿ ಕರೆಂಟು ಹೋಯಿತು.
ಬಂದಾಗ ಪೆಟ್ಟಿಗೆಯಲ್ಲಿ ಚೀಟಿಗಳು ಊರಿನ ತಲೆಗಳಿಗಿಂತ ಹೆಚ್ಚು.
ಪಾರದರ್ಶಕ ಪೆಟ್ಟಿಗೆ; ಎಲ್ಲರಿಗೂ ಕಾಣುತ್ತಿತ್ತು.
ಮೀರಿಮ್‌ಗುಲ್ ಕೂಡಿದಳು, ಕಳೆದಳು, ಮತ್ತೆ ಕೂಡಿದಳು,
ಎಣಿಕೆ ಹಾಳೆಯ ಫೋಟೊ ತೆಗೆದಳು, ಕಲಿಸಿದ ಹಾಗೆಯೇ.
ವೀಕ್ಷಕರ ಹೇಳಿಕೆ ಬಂತು:
'ಕೆಲವು ಲೋಪಗಳ ನಡುವೆಯೂ ಒಟ್ಟಾರೆ ತೃಪ್ತಿಕರ.'
'ಒಟ್ಟಾರೆ'ಗೆ ಪದ ಹುಡುಕುವವಳಂತೆ
ಮೈಕಿನ ಮುಂದೆ ಒಂದು ನಿಮಿಷ ಸುಮ್ಮನಿದ್ದೆ.
ನನ್ನ ಪ್ರತಿಭಟನೆ ಅಷ್ಟೇ.

ಅವಳನ್ನು ಶಾಲೆಯಿಂದ ತೆಗೆದರು. ಕಾರಣ ಕೊಡಲಿಲ್ಲ.
ಪ್ರೆಸ್ಕಾಟನಿಗೆ ಬರೆದಳು; ಇಂಗ್ಲಿಷು ನಾನೇ ಮಾಡಿಕೊಟ್ಟೆ.
ಉತ್ತರದಾಯಿತ್ವ ಕಲಿಸಿದ ವಿಳಾಸದಿಂದ
ಅರೆಕ್ಷಣದಲ್ಲೇ ಉತ್ತರ, ಯಂತ್ರದ್ದು:
ನಾನು ಕಚೇರಿಯಲ್ಲಿಲ್ಲ. ಈ ಯೋಜನೆ ಮುಗಿದಿದೆ.
ನಿಮ್ಮ ಆಸಕ್ತಿಗೆ ವಂದನೆಗಳು.

ಏಪ್ರಿಲ್‌ನಲ್ಲಿ ಮತ್ತೆ ಹೋದೆ, ಯಾರ ಮಾತನ್ನೂ ಹೊರದೆ.
ಹಿಮ ಇನ್ನೂ ಕೊಟ್ಟಿಗೆಯ ಗೋಡೆಗೆ ಒರಗಿತ್ತು.
ಬುರುಲ್ಚಾಳ ಒಲೆಯ ಪಕ್ಕ ಆ ಪೆಟ್ಟಿಗೆ.
ಮುಚ್ಚಳ ಎಲ್ಲೋ, ನೀಲಿ ಬೀಗ ಅಂಚಿಗೆ ಜೋತುಬಿದ್ದಿತ್ತು.
ಒಳಗೆ ಹುಲ್ಲು, ಹರಿದ ಸ್ವೆಟರು,
ತಾಯಿ ಸೇರಿಸಿಕೊಳ್ಳದ ಕುರಿಮರಿ, ಎರಡು ದಿನದ್ದು.
ಕಾಲು ಮಡಚಲು ಬಾರದೆ, ಪ್ಲಾಸ್ಟಿಕ್ಕಿಗೆ ಮೂತಿ ಒತ್ತಿ
ಕೂಗುತ್ತಿತ್ತು ತನ್ನ ಅಳತೆ ಮೀರಿ.

ಅಜ್ಜಿ ಬೆರಳನ್ನು ಹಾಲಲ್ಲಿ ಅದ್ದಿಕೊಂಡು ಬಗ್ಗಿದಳು.
'ಎಣಿಸಿಕೊ' ಎಂದಳು, ನನ್ನತ್ತ ತಿರುಗದೆ.
ಕೇಳುವ ಪರದೇಶಿ ಯಾರೂ ಇರಲಿಲ್ಲ ಅಲ್ಲಿ.
ಆದರೂ ಅಭ್ಯಾಸ. ಆ ಮಾತನ್ನು ಇಂಗ್ಲಿಷಿಗೆ ತಿರುಗಿಸಿ
ಮೆಲ್ಲಗೆ, ಒಮ್ಮೆ, ಹೇಳಿದೆ.