ಇಂದೇ ಕೊಳ್ಳಿ

ಎರಡನೇ ವರ್ಷದ ಕೊನೆಗೆ ಒಂದು ಫಾರಂ ಕೊಟ್ಟರು.
ಎರಡೇ ಚೌಕ: ಪತ್ರಿಕೋದ್ಯಮ, ಜಾಹೀರಾತು.
ನನ್ನ ಪೆನ್ನು ಮುಷ್ಕರ ಹೂಡಿತ್ತು.
ಹಿಂದಿನ ಬೆಂಚಿನ ಸಾನಿಕಾಳ ನೇರಳೆ ಶಾಯಿಯಲ್ಲಿ
ಎರಡನೆಯದಕ್ಕೆ ಗುರುತು ಹಾಕಿದೆ.

"ಅದರಾಗ ಓದೂದು ಏನದ?" ಅಂದಳು ಅವ್ವ.
"ಗ್ವಾಡಿ ಮ್ಯಾಲ ಇರ್ತದಲ್ಲ, ಪುಕ್ಕಟೆ?"
ತೊಡೆಯ ಮೇಲೆ ಶರ್ಟು, ಬೆರಳಲ್ಲಿ ಗಿಡ್ಡ ಕತ್ತರಿ,
ಧಾರಾವಿಯ ಮಾಳಿಗೆಯಿಂದ ಹೊತ್ತು ತಂದ ಗಂಟು.
ಹೆಚ್ಚಾದ ಎಳೆ ಕತ್ತರಿಸಿದರೆ
ಶರ್ಟಿಗೊಂದು ರೂಪಾಯಿ.

ತರಗತಿಯಲ್ಲಿ ಗೋಡಬೋಲೆ ಮೇಡಂ
ಬೋರ್ಡಿನ ಮೇಲೆ ಒಬ್ಬ ಹೆಂಗಸನ್ನು ತಯಾರು ಮಾಡುತ್ತಾರೆ.
ವಯಸ್ಸು ಇಪ್ಪತ್ತೈದರಿಂದ ನಲವತ್ತೈದು, ಊರು ಸಣ್ಣದು,
ಸಂಪಾದನೆ ಇಷ್ಟು, ಆಸೆ ಅದಕ್ಕಿಂತ ಒಂಚೂರು ಜಾಸ್ತಿ.
ಸುನೀತಾ ಎಂದು ಹೆಸರಿಟ್ಟೆವು.
"ಈಗ ಹೇಳಿ, ಸುನೀತಾಗೆ ಯಾವುದರ ಭಯ?"
ಕೂದಲು ಉದುರುವ ಭಯ, ಬೆವರಿನ ಭಯ,
ಮದುವೆಮನೆಯಲ್ಲಿ ನಾದಿನಿಯ ಕಣ್ಣಿನ ಭಯ.
ಎಲ್ಲ ಬರೆದುಕೊಂಡೆ.
ನಾಳೆ ಗಂಟು ಸಿಗದಿದ್ದರೆ ಎಂಬುದು
ಯಾರ ಪಟ್ಟಿಯಲ್ಲೂ ಇರಲಿಲ್ಲ,
ನನ್ನದರಲ್ಲೂ.

ಶನಿವಾರ ಲೋವರ್ ಪರೇಲ್.
ಸತ್ತ ಗಿರಣಿಯೊಂದರ ಹೊಟ್ಟೆಯಲ್ಲಿ ಗಾಜಿನ ಕಚೇರಿ,
ಸಾಲಿಗೆ ಅರವತ್ತರಂತೆ ಕನ್ನಡ ಮಾಡುವ ಕೆಲಸ.
ಶಾಂಪೂ ಪೊಟ್ಟಣದ ಅಗಲ ಮೂರು ಬೆರಳು.
ಕನ್ನಡ ಯಾಕೆ ಇಷ್ಟುದ್ದ ಎಂದು ಕೇಳುತ್ತಾರೆ,
ಮಳೆ ಯಾಕೆ ಇಷ್ಟು ಒದ್ದೆ ಎಂಬಂತೆ.
ಕತ್ತರಿಸುತ್ತೇನೆ.
ನಮ್ಮ ಮನೆಯಲ್ಲಿ ಈಗ ಎರಡು ಕತ್ತರಿ.

"ಜಗ್ಗು," ಅಂದ ಲೇಔಟಿನ ಪ್ರಥಮೇಶ
(ಜಗದೇವಿಯೂ ಉದ್ದವಾಗಿ ಹೋಗಿತ್ತು ಅವನಿಗೆ),
"ಕೆಳಗೆ ಜೋತಾಡುವ ಈ ಬಾಲಗಳು ಬೇಕೇ ಬೇಕಾ?"
"ಬೇಕು. ಇಲ್ಲದಿದ್ದರೆ ಅಕ್ಕ ಅಕ ಆಗ್ತಾಳೆ,
ತಲೆಹೊಟ್ಟು ತಲೆಹೊಟು."
ನಕ್ಕ.
ಸಾಲನ್ನು ಕೂದಲೆಳೆಯಷ್ಟು ಮೇಲೆತ್ತಿದ, ಬಾಲ ಉಳಿದವು.

ಕೊನೆಯ ಸಾಲಿಗೆ ನಾನು ಬರೆದದ್ದು
ಇವತ್ತೇ ತಗೊಳ್ರಿ.
ಆಡುಮಾತು, ರಾಜ್ಯವಿಡೀ ಓಡುವುದಿಲ್ಲ ಎಂದು
ಕನ್ನಡ ಬಾರದವರೊಬ್ಬರು ತೀರ್ಪು ಕೊಟ್ಟರು.
ಸರಿ: ಇಂದೇ ಕೊಳ್ಳಿ.
ಎರಡು ಪದ, ನಾಲ್ಕಕ್ಷರ, ಒಂದೇ ಒತ್ತು.
ಎಲ್ಲರಿಗೂ ಖುಷಿ. ನನಗೂ.

ಮಾರ್ಚಿನಲ್ಲಿ ಅವ್ವ ಸೇಡಂ ಕಡೆ
ತಂಗಿಮಗಳ ಕುಬಸಕ್ಕೆ ಹೋಗಿ ಬಂದಳು.
ಚೀಲದಿಂದ ಶೇಂಗಾ ಹಿಂಡಿ, ಯಾರದೋ ಮದುವೆ ಪತ್ರಿಕೆ,
ಅದರ ಕೆಳಗೆ ಮಾಲೆಯಂತೆ ಆರು ಪೊಟ್ಟಣ.
ನಾನು ಏನೂ ಹೇಳಿರಲಿಲ್ಲ.
ನನ್ನ ಮುನಿಸಿಪಾಲಿಟಿ ಶಾಲೆಯ ಪುಸ್ತಕದಲ್ಲಿ
ನನ್ನ ಜೊತೆಗೇ ಕಲಿತವಳು ಅವಳು,
ಈಗಲೂ ಬೆರಳಿಟ್ಟೇ ಓದುತ್ತಾಳೆ.
ಇಂ… ದೇ… ಕೊ… ಳ್ಳಿ.
ಬೆರಳು ಅಲ್ಲೇ ನಿಂತಿತು.
"ಇವತ್ತೇ ಕೊಳ್ಳಿ? ಯಾರು ಸತ್ತಾರ?"

ನನಗೆ ನಗು ಬಂತು, ಅವಳಿಗೆ ಬರಲಿಲ್ಲ.
"ಕೊಳ್ರಿ ಅಂತ ಅರ್ಥ ಅವ್ವ, ತಗೋರಿ ಅಂತ."
"ಹಂಗ ಬರೀಬೇಕಿತ್ತಿಲ್ಲ ಮತ್ತ?
ನಮ್ಮ ಮಂದ್ಯಾಗ ಮಣ್ಣ ಮಾಡ್ತಾರ,
ಕೊಳ್ಳಿ ಇಡಂಗಿಲ್ಲ.
ಇದು ನಮಗಲ್ಲ ಬಿಡು."

ಮೂರು ವರ್ಷದ ಓದಿನಲ್ಲಿ
ಯಾರಿಗೆ ಅಲ್ಲ ಎಂಬುದನ್ನು
ಇಷ್ಟು ಚೊಕ್ಕವಾಗಿ ಯಾರೂ ಹೇಳಿರಲಿಲ್ಲ.

ಆದರೂ ಭಾನುವಾರ ತಲೆಗೆ ಹಾಕಿಕೊಂಡಳು.
"ನೊರಿ ಚೊಲೋ ಬರ್ತದ," ಎಂದು ಮೋರಿಯಿಂದಲೇ ಕೂಗಿದಳು.

ಖಾಲಿ ಪೊಟ್ಟಣ ತೊಳೆದು ಒಣಗಿಸಿ
ಪೋರ್ಟ್‌ಫೋಲಿಯೋದ ಒಂಬತ್ತನೇ ಪುಟಕ್ಕೆ ಅಂಟಿಸಿದೆ.
ಎಳೆ ಕತ್ತರಿಸುವ ಕತ್ತರಿಯಲ್ಲೇ ಅವಳು ಮೂಲೆ ತೆಗೆದಿದ್ದಳು,
ಕೊನೆಯ ಅಕ್ಷರ ಒತ್ತಿನ ಸಮೇತ ನೀರುಪಾಲು.
ಇಂದೇ ಕೊ
ಅಷ್ಟೇ ಉಳಿದಿತ್ತು.

"ಹರಿಯದ ಪ್ರತಿ ಸಿಗಲಿಲ್ಲವಾ?" ಗೋಡಬೋಲೆ ಮೇಡಂ ಕೇಳಿದರು,
ಕೆಂಪು ಪೆನ್ನು ಗಾಳಿಯಲ್ಲಿ.
"ಐದಿವೆ ಮೇಡಂ," ಅಂದೆ,
"ಮುಂದಿನ ಐದು ಭಾನುವಾರಕ್ಕೆ."