ಹಲ್ಲಿನ ಗುರುತು

ಡನೆಡಿನ್‌ನಿಂದ ಬಂದ ಹರಾಜಿನವನು
ಅಡುಗೆಮನೆಯ ಮೇಜಿನ ಬ್ರೆಡ್ಡಿನ ಚೂರು ಊದಿ
ತನ್ನದೇ ಕಪ್ಪು ಮಖಮಲ್ಲು ಹಾಸಿದ.
ಬಿಸ್ಕತ್ತಿನ ಡಬ್ಬಿ ನಾನೇ ತೆಗೆದೆ. ತುಕ್ಕು ಹಿಡಿದ ಮುಚ್ಚಳ
ಎಫೀಯ ಹಾಗೆಯೇ:
ನಯಕ್ಕೆ ಬಗ್ಗುವುದಿಲ್ಲ, ಒಂದೇಟು ಕೊಡಬೇಕು.

ಎಫೀ ನನ್ನಜ್ಜನ ಅಕ್ಕ. ಯೂಫೀಮಿಯ ಮೆಕ್‌ಕಿಲಪ್,
ಸೈನ್ಯದ ದಾದಿ, ಇದೇ ರಿವರ್ಟನ್ನಿನವಳು.
ಹದಿನೈದನೇ ಇಸವಿಯಲ್ಲಿ ಹಡಗು ಹತ್ತಿದಳು,
ಹತ್ತೊಂಬತ್ತರಲ್ಲಿ ಇಳಿದಳು.
ಹೋಗುವಾಗ ಹಾಡುತ್ತಿದ್ದಳಂತೆ.
ಬಂದಮೇಲೆ ಮಾತೆಲ್ಲ ಕೋಳಿಗಳೊಡನೆ.

ಒಂದೊಂದಾಗಿ ಇಟ್ಟೆ. ಕಂಚಿನ ನಕ್ಷತ್ರ.
ರಾಜನ ಮುಖ ಹೊತ್ತ ಬೆಳ್ಳಿ.
ರೆಕ್ಕೆ ಬಿಚ್ಚಿ ನಿಂತ ಹೆಣ್ಣು,
ಅವಳ ಬೆನ್ನಿಗೆ 'ನಾಗರಿಕತೆಗಾಗಿ' ಎಂಬ ಮಾತು.
ಮೂರಕ್ಕೂ ಅವನದು ಒಂದೇ ಸದ್ದು: ಹ್ಞೂಂ.

ನಿಮಿಷದ ಮುಳ್ಳು ಕಳಚಿದ ಗಡಿಯಾರ;
ಸೆಕೆಂಡಿನದು ಉಳಿದಿದೆ, ನಾಡಿಗೆ ಅಷ್ಟು ಸಾಕು.
ತಗಡಿನ ಬಟ್ಟಲ ತಳ ಕೆರೆದೂ ಕೆರೆದೂ
ಒಂದೇ ಬದಿ ಸವೆದ ಚಮಚ.
ಲೆಮ್ನೋಸ್ ದ್ವೀಪದ್ದೊಂದು ಕಲ್ಲು,
ಅದರಲ್ಲಿ ಏನೂ ಇಲ್ಲ, ಅದು ಕಲ್ಲು.
ಆಮೇಲೆ ಅಂಚೆಗೆ ಬೀಳದ ಲಕೋಟೆ:
ಶ್ರೀಮತಿ ಹಾನಾ ಪೆರಿಮ್ಯಾನ್, ಟುವಾಟಪೆರೆ.
"ಒಡೆದು ನೋಡಿಲ್ಲವೆ?"
"ನಮಗೆ ಬರೆದದ್ದಲ್ಲ."
"ಒಳಗೆ ಪತ್ರವಿದ್ದರೆ ಬೆಲೆ ಏರುತ್ತದೆ."
ಒಲೆಯ ಮೇಲೆ ಕೆಟಲು ಉಸಿರುಬಿಡುತ್ತಿತ್ತು.
ಆವಿಗೆ ಹಿಡಿದರೆ ಅರ್ಧ ನಿಮಿಷದ ಕೆಲಸ.
ನಾನು ಚಹಾ ಮಾಡಿದೆ.

ಕೊನೆಗೆ ಶಿಲುಬೆ.
ಬೆಳ್ಳಿಯದು. ಕಡುನೀಲಿ ಪಟ್ಟಿ, ಕೆಂಪಂಚು,
ಹೆಂಗಸರಿಗೆಂದು ಕಟ್ಟಿದ ಚಿಟ್ಟೆಗಂಟು.
ಅವನ ಉಸಿರು ಬದಲಾಯಿತು. ಭೂತಗನ್ನಡಿ ಬಂತು. ಮಗುಚಿದ.
"ಛೆ, ಯಾರ ಕೆಲಸ ಇದು? ನಾಯಿಯದೆ?"
"ನನ್ನಜ್ಜಿಯದು" ಎಂದೆ.

ಜುಲೈ, ನಮಗದು ಕೊರೆವ ಚಳಿ.
ಅಪರಿಮಾ ಉಕ್ಕಿ ಸೇತುವೆ ಕೊಚ್ಚಿಹೋಗಿತ್ತು,
ಡಾಕ್ಟರು ಆಚೆ ದಡದಲ್ಲಿ ಲಾಟೀನು ಬೀಸುತ್ತಿದ್ದ,
ಬೀಸಿ ಏನು ಬಂತು.
ಇಲ್ಲಿ, ಈ ಒಲೆಯ ಪಕ್ಕ, ನನ್ನಜ್ಜಿ ಇಸ್ಲಾ,
ಕೂಸು ಕಾಲು ಮುಂದಾಗಿ.
ಹನ್ನೊಂದು ವರ್ಷ ಯಾರ ಮೈಯನ್ನೂ ಮುಟ್ಟದ ಎಫೀ
ಕೋಳಿಗೂಡಿನಿಂದ ಎದ್ದು ಬಂದಳು,
ಮೊಣಕೈವರೆಗೆ ಬಿಸಿನೀರಲ್ಲಿ ತಿಕ್ಕಿಕೊಂಡಳು,
ತುಟಿ ಕಚ್ಚಿ ರಕ್ತ ಮಾಡಿಕೊಳ್ಳುತ್ತಿದ್ದ ಇಸ್ಲಾಳನ್ನು ನೋಡಿದಳು,
ಖಾನೆ ಎಳೆದಳು, ಕೈಗೆ ಸಿಕ್ಕಿದ್ದು ಇದು.
ಪಟ್ಟಿಯನ್ನು ಅದರ ಮೇಲೇ ಸುತ್ತಿ
ಹಲ್ಲುಗಳ ನಡುವೆ ಇಟ್ಟಳು:
"ಕಚ್ಚು. ಇನ್ನೇತಕ್ಕೂ ಬರಲಿಲ್ಲ ಇದು."

ಬೆಳಗಿನ ಹೊತ್ತಿಗೆ ಪಟ್ಟಿ ಹರಿದಿತ್ತು,
ಬೆಳ್ಳಿ ತಗ್ಗಿತ್ತು,
ನನ್ನಮ್ಮ ಅಳುತ್ತಿದ್ದಳು.

ಹರಾಜಿನವನು ಮರ್ಯಾದಸ್ಥ, ಪೂರ್ತಿ ಕೇಳಿಸಿಕೊಂಡ.
"ಈ ಕತೆಗೆ ಕಾಗದಪತ್ರ ಏನಾದರೂ?"
"ಇತ್ತು. ಹೋದ ಮಾರ್ಚಿನಲ್ಲಿ ಮಣ್ಣು ಮಾಡಿದೆವು."
ಚಹಾ ಕುಡಿದ. ಪುಸ್ತಕದಲ್ಲಿ 'ತೀವ್ರ ಹಾನಿ' ಎಂದು ಬರೆದ.
ಅಕ್ಷರ ಮುದ್ದಾಗಿತ್ತು.

ಮೂರನ್ನು ಮಾರಿದೆ. ನಾಚಿಕೆಯೇನಿಲ್ಲ.
ಛಾವಣಿಗೆ ಹೊಸ ತಗಡು ಬಂದಿದೆ,
ದಕ್ಷಿಣದ ಗಾಳಿಗೆ ಈಗ ಬಡಿದುಕೊಳ್ಳುವುದಿಲ್ಲ.
ನಾಗರಿಕತೆಯಿಂದ ಇಷ್ಟಾಯಿತು.

ನಿನ್ನೆ ರಾತ್ರಿ, ಯಾರೂ ಇಲ್ಲದಾಗ,
ನಾನೂ ಕಚ್ಚಿ ನೋಡಿದೆ.
ತಗ್ಗುಗಳಲ್ಲಿ ನನ್ನ ಹಲ್ಲು ಕೂರಲಿಲ್ಲ.
ಅಜ್ಜಿಯ ಬಾಯಿ ಚಿಕ್ಕದಿರಬೇಕು,
ಇಲ್ಲವೆ ನಾನು ಕಚ್ಚಿದ್ದು ಸಾಲದು.
ರುಚಿಯೆಂದರೆ ಬಾಗಿಲ ಹಿಡಿಯ ರುಚಿ, ತಣ್ಣಗೆ.

ಲಕೋಟೆ ಇನ್ನೂ ಮೇಜಿನ ಮೇಲಿದೆ.
ಶನಿವಾರ ಗಾಡಿ ತೆಗೆದು ಹೋಗಿಬರಬೇಕು,
ಆ ಹೆಸರಿನವರು ಯಾರಾದರೂ ಇದ್ದರೆ.
ಟುವಾಟಪೆರೆ ಇಲ್ಲಿಂದ ಮುಕ್ಕಾಲು ಗಂಟೆ.
ಎಫೀಗೆ ನಲವತ್ತು ವರ್ಷ ಸಾಲಲಿಲ್ಲ.